ಹಾಳೆ ತಿರುಗಿಸಿ ನೋಡು

ಆಗಸ್ಟ್ 9

ಅಪ್ಪಾ,

ಬೈಯುವುದಾದರೆ ಮೊದಲೇ ಬೈದುಬಿಡು. ನಿನ್ನ ಟೂಲ್ ಬಾಕ್ಸಿನ ನೀಲಿ ಕಡ್ಡಿ, ಹಲ್ಲುಜ್ಜುವ ಬ್ರಶ್ಶಿನ ಹಿಡಿ ಕತ್ತರಿಸಿ ಮಾಡಿಕೊಂಡಿದ್ದೆಯಲ್ಲಾ, ಅದು ಕಳೆದುಹೋಗಿಲ್ಲ. ನನ್ನ ಹತ್ತಿರ ಇದೆ. ನೀನು ಅಮ್ಮನ ಮೇಲೆ ಅನುಮಾನಪಟ್ಟು ಮೂರು ದಿನ ಮುಖ ಊದಿಸಿಕೊಂಡು ಕೂತಿದ್ದೆ ಎಂದು ಅಮ್ಮ ಫೋನಿನಲ್ಲಿ ಹೇಳಿದಾಗ ನಾನು ಮಾತು ಬದಲಿಸಿಬಿಟ್ಟೆ. ಬೇರೆ ಹುಡುಗಿಯರು ಮನೆಯಿಂದ ಫೋಟೋ ತರುತ್ತಾರೆ, ಹಳೇ ದಿಂಬು ತರುತ್ತಾರೆ. ನಾನು ಇದನ್ನು ತಂದೆ. ಯಾಕೆ ಅಂತ ಕೇಳಬೇಡ, ನನಗೂ ಗೊತ್ತಿಲ್ಲ.

ಕೈಯಲ್ಲಿ ಫೋನ್ ಇಟ್ಟುಕೊಂಡು ಪತ್ರ ಬರೆಯುತ್ತೀಯಲ್ಲೇ ಎಂದು ರೂಮ್‌ಮೇಟ್ ನಗುತ್ತಾಳೆ. ಅವಳಿಗೆ ಹೇಗೆ ಹೇಳಲಿ? ಫೋನಿನಲ್ಲಿ ನಾವಿಬ್ಬರೂ ಮಾತಾಡುವುದು ನಾಲ್ಕೇ ಮಾತು. ಊಟ ಆಯ್ತಾ, ಆಯ್ತು, ಮತ್ತೆ, ಮತ್ತೇನಿಲ್ಲ. ಹತ್ತು ವರ್ಷಕ್ಕೇ ಹಾಸ್ಟೆಲ್ಲಿಗೆ ಹಾಕಿದೆಯಲ್ಲ, ಅಲ್ಲಿ ವಾರ್ಡನ್ ಭಾನುವಾರ ಭಾನುವಾರ ಸಾಲಾಗಿ ಕೂರಿಸಿ ಪತ್ರ ಬರೆಸುತ್ತಿದ್ದರು. ಆ ಅಭ್ಯಾಸ ನನ್ನನ್ನೂ ಬಿಟ್ಟಿಲ್ಲ, ನಿನ್ನನ್ನೂ ಬಿಟ್ಟಿಲ್ಲ.

ಈಗ ಸುದ್ದಿ. ನನ್ನನ್ನು ಕಾಲೇಜಿನ ಲ್ಯಾಬಿಗೆ ಸೇರಿಸಿಕೊಂಡಿದ್ದಾರೆ. ಫಸ್ಟ್ ಇಯರಿನವರನ್ನು ಅಲ್ಲಿಗೆ ಬಿಡುವುದೇ ಇಲ್ಲ. ಲ್ಯಾಬ್ ನೋಡಿಕೊಳ್ಳುವ ಮೇಡಂ ಕ್ಲಾಸಿನಲ್ಲಿ ಸ್ಕ್ರೂಡ್ರೈವರ್ ಹಿಡಿದು ಗೊತ್ತಿರುವವರು ಯಾರಿದ್ದೀರಿ ಎಂದು ಕೇಳಿದರು. ನಾನು ಕೈ ಎತ್ತಿದೆ. ಸಾಸಿವೆ ಕಾಳಿನಷ್ಟು ಸಣ್ಣ ತಿರುಪು ಕೊಟ್ಟು ಕೂರಿಸು ಅಂದರು. ಕೂರಿಸಿದೆ. ಒಂದೇ ಸಲಕ್ಕೆ ಕೂತಿತು ಅಪ್ಪಾ.

ಅಲ್ಲಿರುವ ವಸ್ತು ಏನು ಗೊತ್ತಾ? ನಿನ್ನ ಅಂಗಡಿಯ ಪ್ರಿಂಟರಿನೊಳಗೆ ಆರು ಮುಖದ ಕನ್ನಡಿ ಗಿರ್ರನೆ ಸುತ್ತುತ್ತದಲ್ಲ, ಲೇಸರಿನ ಚುಕ್ಕೆ ಅದಕ್ಕೆ ಬಡಿದು ಡ್ರಮ್ಮಿನ ಮೇಲೆ ಗೆರೆಗೆರೆಯಾಗಿ ಬರೆಯುತ್ತದಲ್ಲ, ಇದೂ ಅದೇ ಜಾತಿ. ಆದರೆ ಇಲ್ಲಿನ ಕನ್ನಡಿ ಅಕ್ಕಿಕಾಳಿನಷ್ಟು. ಸುತ್ತುವುದಿಲ್ಲ, ಬೇಡ ಬೇಡ ಅಂತ ಹಟ ಹಿಡಿದ ಮಗುವಿನ ಹಾಗೆ ಸೆಕೆಂಡಿಗೆ ಸಾವಿರಾರು ಸಲ ತಲೆ ಅಲ್ಲಾಡಿಸುತ್ತದೆ. ಒಂದೇ ಒಂದು ಚುಕ್ಕೆ ಬೆಳಕು ಅತ್ತಿಂದಿತ್ತ, ಮೇಲಿಂದ ಕೆಳಕ್ಕೆ ಓಡಿ ಓಡಿ ಇಡೀ ಚಿತ್ರ ಬಿಡಿಸುತ್ತದೆ. ಓಟ ನಿಂತರೆ ಚಿತ್ರವೇ ಇಲ್ಲ. ಮತ್ತೆ ಆ ಚಿತ್ರ ಬೀಳುವುದು ಪರದೆಯ ಮೇಲಲ್ಲ, ನೇರವಾಗಿ ನಮ್ಮ ಕಣ್ಣಿನೊಳಗೆ. ಎರಡು ಕೈಯಲ್ಲೂ ಕೆಲಸ ಇರುವವರಿಗೆ, ನಿನ್ನಂಥವರಿಗೆ, ಮುಂದೆ ಕನ್ನಡಕದಲ್ಲೇ ನಕ್ಷೆ ಕಾಣಿಸುವ ಹಾಗೆ ಮಾಡುವುದು ಮೇಡಂ ಆಸೆ. ಸದ್ಯಕ್ಕೆ ಅದು ಶೂ ಡಬ್ಬಿಯಷ್ಟಿದೆ. ಒಂದು ತೂತಿದೆ, ಅದಕ್ಕೆ ಕಣ್ಣಿಟ್ಟು ನೋಡಬೇಕು.

ನನ್ನ ಕೆಲಸ ಚೌಕುಳಿ ಗೆರೆಗಳ ಚಿತ್ರ ಹಾಕಿ, ಗೆರೆ ಎಲ್ಲಿ ಬಾಗಿದೆ ನೋಡಿ, ಕಂಪ್ಯೂಟರಿನ ಪಟ್ಟಿಯಲ್ಲಿ ಅಂಕಿ ಬದಲಿಸಿ ನೇರ ಮಾಡುವುದು. ಜೊತೆಗೆ ಒಬ್ಬ ಸೀನಿಯರ್ ಇದ್ದಾನೆ. ದಿನಾ ಗರಿಗರಿ ಶರ್ಟು ಹಾಕಿಕೊಂಡು ಬರುವುದರಿಂದ ಎಲ್ಲರೂ ಅವನನ್ನು ಇಸ್ತ್ರಿ ಅನ್ನುತ್ತಾರೆ. ಅಕ್ಟೋಬರ್ ಹತ್ತಕ್ಕೆ ಹೊರಗಿನಿಂದ ದೊಡ್ಡವರು ನೋಡಲು ಬರುತ್ತಾರೆ. ಅವತ್ತು ಚಿತ್ರ ನೇರ ನಿಂತರೆ ನಾಲ್ಕು ವರ್ಷವೂ ಲ್ಯಾಬಿನಲ್ಲಿ ನನಗೆ ಜಾಗ. ಇಲ್ಲದಿದ್ದರೆ ಹೆಗಲಿಗೆ ಬ್ಯಾಗು ಹಾಕಿಕೊಂಡು ವಾಪಸ್ ಕ್ಲಾಸಿಗೆ.

ಕೊನೆಗೆ ಒಂದು ಖುಷಿ. ಈ ಡಬ್ಬಿಯ ಮುಚ್ಚಳ ತೆಗೆದರೆ ಬೆಳಕು ಆರಿಹೋಗುತ್ತದೆ, ನಿನ್ನ ಮಷೀನಿನ ಬಾಗಿಲ ಸ್ವಿಚ್ಚಿನ ಹಾಗೆಯೇ. ಆದರೆ ಬೆಳಕಿದ್ದಾಗಲೇ ತಿರುಪು ತಿರುಗಿಸಿದರೆ ತಾನೇ ಗೊತ್ತಾಗುವುದು? ಇಸ್ತ್ರಿ ಚಹಾಕ್ಕೆ ಹೋಗಿದ್ದಾಗ, ಮುಚ್ಚಳ ಮುಚ್ಚಿದೆ ಅಂತ ಸ್ವಿಚ್ಚು ನಂಬುವ ಹಾಗೆ ಅದರ ಸಂದಿಗೆ ನಿನ್ನ ಕಡ್ಡಿ ಸಿಕ್ಕಿಸಿದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಒಂದು ಗಂಟೆಯ ಕೆಲಸ ಹತ್ತು ನಿಮಿಷಕ್ಕೆ ಮುಗಿಯಿತು. ಮೇಡಂ ನನ್ನ ಕೈ ನೋಡಿ, "ಯಾರು ಕಲಿಸಿದ್ದು?" ಅಂದರು. ಹೆಮ್ಮೆಯಿಂದ ನಿನ್ನ ಹೆಸರು ಹೇಳಿದೆ. ಕಡ್ಡಿಯ ವಿಷಯ ಹೇಳಲಿಲ್ಲ.

ಕದ್ದ ಮಾಲಿನ ಸಮೇತ,
ನಿನ್ನ ಇಲಿಮರಿ


ಆಗಸ್ಟ್ 20

ಇಲಿಮರಿ,

ಕಳ್ಳಿ ಸಿಕ್ಕಿಬಿದ್ದಳು ಎಂದು ನಿಮ್ಮಮ್ಮ ಅಂಗಡಿಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾಳೆ. ನಾನು ಹೊಸ ಕಡ್ಡಿ ಮಾಡಿಕೊಂಡೆ. ಈ ಸಲದ್ದು ಅವಳ ಬ್ರಶ್ಶು. ಅದಕ್ಕೆ ಬೇರೆ ಜಗಳ ನಡೆಯುತ್ತಿದೆ.

ಈ ಪತ್ರದ ಹಿಂಬದಿಯಲ್ಲಿ ಚೌಕುಳಿ ಅಚ್ಚಾಗಿರುವುದು ನೋಡಿ ಗಾಬರಿಯಾಗಬೇಡ. ಪ್ರಿಂಟರ್ ರಿಪೇರಿಯಾದ ಮೇಲೆ ಪರೀಕ್ಷೆಗೆ ತೆಗೆಯುವ ಹಾಳೆ, ಒಂದು ಮಗ್ಗುಲು ಖಾಲಿ ಇರುತ್ತದೆ, ಎಸೆಯಲು ಮನಸ್ಸು ಬರುವುದಿಲ್ಲ. ನೀನೂ ಅಲ್ಲಿ ಚೌಕುಳಿಯನ್ನೇ ನೋಡುತ್ತಾ ಕೂತಿದ್ದೀ ಎಂದು ಓದಿ ನಗು ಬಂತು. ಅಪ್ಪನ ಕೆಲಸ ಬೇಡವೆಂದು ಓದಲು ಹೋದವಳು ಅಲ್ಲಿಯೂ ಗೆರೆ ನೇರ ಮಾಡುತ್ತಿದ್ದೀಯ.

ಮೊನ್ನೆ ವಕೀಲರ ಗುಮಾಸ್ತ ಬಂದಿದ್ದ. ನಮ್ಮ ಕಾಪಿ ಮಷೀನು ಅವರ ಯಜಮಾನರ ಫೋಟೋದ ಪ್ರತಿ ಕಾಪಿಯಲ್ಲೂ ಕೆನ್ನೆಯ ಮೇಲೆ ಕಪ್ಪು ಚುಕ್ಕೆ ಹಾಕುತ್ತಿದೆಯಂತೆ. ಅಂಗಡಿ ಮುಂದೆ ನಿಂತು ರಾಮಾಯಣ ಮಾಡಿದ. ನಾನು ಫೋಟೋ ತಲೆಕೆಳಗು ಮಾಡಿ ಗಾಜಿನ ಮೇಲಿಟ್ಟೆ. ಚುಕ್ಕೆಯೂ ತಲೆಕೆಳಗಾಯಿತು. ಅದು ಯಜಮಾನರ ಮಚ್ಚೆ. ನಿನಗೆ ಐದನೇ ವಯಸ್ಸಿಗೇ ಹೇಳಿಕೊಟ್ಟಿದ್ದೆ, ಮರೆತಿಲ್ಲ ತಾನೆ? ಮೊದಲು ಹಾಳೆ ತಿರುಗಿಸಿ ನೋಡು. ಕಲೆ ಹಾಳೆಯ ಜೊತೆ ತಿರುಗಿದರೆ ತಪ್ಪು ಹಾಳೆಯದು. ಇದ್ದಲ್ಲೇ ಇದ್ದರೆ ತಪ್ಪು ಬೇರೆ ಕಡೆ. ಹಾಳೆ ತಿರುಗಿಸುವ ಮುಂಚೆ ಸ್ಕ್ರೂಡ್ರೈವರ್ ಮುಟ್ಟಬಾರದು.

ಕಡ್ಡಿ ಸಿಕ್ಕಿಸಿದ್ದು ಓದಿ ನಾನೂ ನಕ್ಕೆ. ಅಮ್ಮನಿಗೂ ಓದಿ ಹೇಳಿದೆ. ಆದರೆ ನಿಮ್ಮ ಡಬ್ಬಿಯ ಬೆಳಕು ಎಷ್ಟು ಜೋರು ಎಂದು ನೀನು ಬರೆದಿಲ್ಲ. ನನ್ನ ಮಷೀನಿನಲ್ಲಿ ಬೆಳಕು ಡ್ರಮ್ಮಿಗೆ ಬೀಳುತ್ತದೆ, ಕಣ್ಣಿಗಲ್ಲ. ಅದೊಂದು ಬರೆ.

ಹೊಟ್ಟೆ ತುಂಬ ಉಣ್ಣು.
ಅಪ್ಪ


ಸೆಪ್ಟೆಂಬರ್ 2

ಅಪ್ಪಾ,

ನಾಲ್ಕು ದಿನದಿಂದ ಪತ್ರ ಶುರು ಮಾಡಿ ಹರಿದು ಹಾಕುತ್ತಿದ್ದೇನೆ. ಟೆನ್ಷನ್ನು. ಕ್ಲಾಸಿನಲ್ಲಿ ಕೂತರೆ ಲ್ಯಾಬಿನ ಯೋಚನೆ, ಲ್ಯಾಬಿನಲ್ಲಿ ಕೂತರೆ ಟೆಸ್ಟಿನ ಯೋಚನೆ. ಊಟದ ಹಾಲಿನಲ್ಲಿ ತಟ್ಟೆ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದೆನಂತೆ, ಹಿಂದಿದ್ದವಳು ಬೆನ್ನಿಗೆ ಚಮಚದಲ್ಲಿ ತಿವಿದಳು.

ಹೋದ ವಾರ ಒಂದು ತಮಾಷೆ ಆಯಿತು. ಕಡ್ಡಿ ಸಿಕ್ಕಿಸಿ, ಮುಚ್ಚಳ ಎತ್ತಿ, ತೂತಿಗೆ ಬಲಗಣ್ಣು ಇಟ್ಟುಕೊಂಡೇ ತಿರುಪು ತಿರುಗಿಸುತ್ತಿದ್ದೆ. ನನ್ನ ತೋಳು ಕನ್ನಡಿಗೆ ಹೋಗುವ ತಂತಿಗೆ ತಾಗಿತು ಅಂತ ಕಾಣುತ್ತದೆ. ಕನ್ನಡಿ ಒಂದು ಕ್ಷಣ ತಲೆ ಅಲ್ಲಾಡಿಸುವುದು ನಿಲ್ಲಿಸಿತು. ಓಡುತ್ತಿದ್ದ ಚುಕ್ಕೆ ನಿಂತುಬಿಟ್ಟಿತು. ಹಸಿರೋ ಹಸಿರು, ಫೋಟೋ ತೆಗೆಯುವವನು ಮೂಗಿನ ಹತ್ತಿರ ಫ್ಲಾಶ್ ಹೊಡೆದ ಹಾಗೆ. ತಕ್ಷಣ ಕಣ್ಣು ಮುಚ್ಚಿದೆ. ಇಡೀ ದಿನ ನೋಡಿದ ಕಡೆಯೆಲ್ಲಾ ಒಂದು ನಾಣ್ಯ ಅಂಟಿಕೊಂಡಿತ್ತು. ಮೇಡಂ ಮುಖದ ಮೇಲೂ ನಾಣ್ಯ. ಎರಡು ದಿನಕ್ಕೆ ಸರಿಹೋಯಿತು. ಈಗ ಏನೂ ಇಲ್ಲ. ನೀನು ಕೇಳಿದೆಯಲ್ಲ ಬೆಳಕು ಎಷ್ಟು ಜೋರು ಅಂತ: ಏನೂ ಜೋರಿಲ್ಲ. ಮುಚ್ಚಳದ ಒಳಗೆ ಒಂದು ಕಪ್ಪು ಗಾಜಿರುತ್ತದೆ, ಮುಚ್ಚಳ ಎತ್ತಿದಾಗ ಅದೂ ಎದ್ದುಬರುತ್ತದೆ, ಅದಕ್ಕೇ ಸ್ವಲ್ಪ ಚುರುಕಾಗಿತ್ತು ಅಷ್ಟೆ. ಯಾರಿಗೂ ಹೇಳಿಲ್ಲ. ಹೇಳಿದರೆ ಮೊದಲು ಕಡ್ಡಿಯ ಕಥೆ ಹೇಳಬೇಕಲ್ಲ.

ನಾನು ಬರೆಯಬೇಕೆಂದಿದ್ದು ಬೇರೆ. ಆ ತಂತಿ ತಾಗಿದಾಗಿನಿಂದ ಕನ್ನಡಿ ಸೊಟ್ಟಗಾಗಿದೆ. ಚಿತ್ರದ ಮಧ್ಯದ ಗುರುತು ನೋಡಿದರೆ ಅದರ ಬಲಕ್ಕೆ, ಒಂದು ಜಾಗದಲ್ಲಿ, ಗೆರೆಗಳೆಲ್ಲಾ ಒಳಕ್ಕೆ ಬಾಗುತ್ತವೆ. ಬಟ್ಟೆಯನ್ನು ಯಾರೋ ಹಿಂದಿನಿಂದ ಚಿವುಟಿ ಎಳೆದ ಹಾಗೆ. ಅಂಕಿ ಬದಲಿಸಿ ಬದಲಿಸಿ ನೇರ ಮಾಡಿದೆ. ಮೂರು ದಿನ ಹಿಡಿಯಿತು. ಮಾರನೇ ದಿನ ಬಂದು ನೋಡಿದರೆ ಮತ್ತೆ ಸೊಟ್ಟ. ಇಸ್ತ್ರಿ ಹಳೇ ಅಂಕಿಗಳನ್ನೇ ವಾಪಸ್ ಹಾಕಿದ್ದಾನೆ. ಕೇಳಿದರೆ, "ನೀನು ಕೆಡಿಸಿಟ್ಟಿದ್ದನ್ನ ಸರಿ ಮಾಡಿದೀನಮ್ಮಾ," ಅನ್ನುತ್ತಾನೆ. ನನಗೆ ನೇರವಾದಾಗ ಅವನಿಗೆ ಡೊಂಕಂತೆ. ಅವನು ನೇರ ಅನ್ನುವುದು ನನಗೆ ಡೊಂಕು. ಮೇಡಂ ನೋಡಿ, ತಮ್ಮ ದಪ್ಪ ಕನ್ನಡಕ ನಂಬುವ ಹಾಗಿಲ್ಲ, ನೀವಿಬ್ಬರೇ ತೀರ್ಮಾನ ಮಾಡಿ ಎಂದು ಹೋದರು.

ಹತ್ತನೇ ತಾರೀಕಿಗೆ ಇನ್ನು ಮೂವತ್ತೆಂಟು ದಿನ. ನಿದ್ದೆಯಲ್ಲೂ ಗೆರೆ ಎಳೆಯುತ್ತಿದ್ದೇನೆ.

ಕೂತಲ್ಲಿ ಕೂರಲಾರದ,
ಇಲಿಮರಿ


ಸೆಪ್ಟೆಂಬರ್ 14

ಅಪ್ಪಾ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ.

ಮೊನ್ನೆ ಲ್ಯಾಬಿನಲ್ಲಿ ಜಗಳವಾಯಿತು. ಇಸ್ತ್ರಿ ಎಲ್ಲರೆದುರಿಗೆ, "ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ," ಅಂದ. ಎರಡನೇ ವರ್ಷದವರು ಕಿಸಕ್ಕನೆ ನಕ್ಕರು. ನನ್ನ ತಲೆಯಲ್ಲಿ ಏನೋ ಕಿತ್ತುಹೋಯಿತು. ನೇರ ಮೇಡಂ ರೂಮಿಗೆ ಹೋಗಿ, ನಾನು ದಿನಾ ಸರಿ ಮಾಡಿದ್ದನ್ನು ಇವನು ದಿನಾ ಬೆಳಿಗ್ಗೆ ಕೆಡಿಸುತ್ತಿದ್ದಾನೆ, ಫಸ್ಟ್ ಇಯರಿನವಳು ಮೇಲೆ ಬಂದುಬಿಡುತ್ತಾಳೆ ಎಂದು ಹೊಟ್ಟೆಕಿಚ್ಚು ಅಂದೆ. ಮೇಡಂ ಕಂಪ್ಯೂಟರ್ ತೆಗೆದು ನೋಡಿದರು. ಹಳೇ ಅಂಕಿ ವಾಪಸ್ ಹಾಕಿದ್ದು ಅವನೇ ಅನ್ನುವುದು ಅದರಲ್ಲಿ ಇತ್ತು. ಅವನನ್ನು ಕರೆಸಿದರು. ಅವನು ವಾದ ಮಾಡಬಹುದು ಅಂದುಕೊಂಡಿದ್ದೆ. ಜೇಬಿನಿಂದ ಲ್ಯಾಬಿನ ಕೀ ತೆಗೆದು ಮೇಜಿನ ಮೇಲಿಟ್ಟ, ಸರಿ ಮೇಡಂ ಅಂದ, ಹೋದ. ಕೀ ಇಡುವಾಗ ಸದ್ದೂ ಆಗಲಿಲ್ಲ.

ಈಗ ಬೆಂಚು ಪೂರ್ತಿ ನನ್ನದು. ಗೆರೆ ನೇರ ಮಾಡಿ, ಇನ್ಯಾರೂ ಮುಟ್ಟದ ಹಾಗೆ ಪಾಸ್‌ವರ್ಡ್ ಹಾಕಿಟ್ಟೆ. ಗೆದ್ದೆ ಅಂತ ಖುಷಿಯಾಗಬೇಕಿತ್ತು.

ಅದಿರಲಿ, ನಿನಗೊಂದು ಕೆಟ್ಟ ಸುದ್ದಿ. ನಿನ್ನ ಅಂಗಡಿಯ ಮಷೀನೂ ಕೆಟ್ಟಿದೆ. ಪತ್ರದ ಹಿಂದಿನ ಚೌಕುಳಿ ನೋಡುತ್ತಾ ಕೂತಿದ್ದೆ. ಈಗ ಎಡಗಣ್ಣು ಮುಚ್ಚಿ ನೋಡುವುದೇ ನನಗೆ ರೂಢಿಯಾಗಿಬಿಟ್ಟಿದೆ, ಲ್ಯಾಬಿನ ಚಟ. ನಿನ್ನ ಗೆರೆಗಳೂ ಮಧ್ಯದಿಂದ ಸ್ವಲ್ಪ ಬಲಕ್ಕೆ ಒಳಕ್ಕೆ ಬಾಗಿವೆ. ನಮ್ಮದರ ಹಾಗೆಯೇ. ನಿನ್ನ ಆರು ಮುಖದ ಕನ್ನಡಿಗೆ ಏನೋ ಆಗಿದೆ, ನೋಡಿಸು. ವಯಸ್ಸಾಯಿತು ನೋಡು ಇಬ್ಬರಿಗೂ, ನಿನಗೂ ನಿನ್ನ ಮಷೀನಿಗೂ.

ಒಂದು ಸಾಲಾದರೂ ಬರೆ, ಮಷೀನು ಕೆಟ್ಟಿತ್ತು ಅಂತ.

ನಿನ್ನ,
ಇಲಿಮರಿ


ಸೆಪ್ಟೆಂಬರ್ 18

ಮಗಳೇ,

ನಿನ್ನ ಎರಡೂ ಪತ್ರ ಒಟ್ಟಿಗೇ ಬಂದವು. ಎರಡು ಸಲ ಫೋನ್ ಮಾಡಿದೆ, ನೀನು ತೆಗೆಯಲಿಲ್ಲ.

ನಿನಗೆ ಕಳಿಸಿದ ಹಾಳೆಯ ಜೊತೆ ತೆಗೆದ ಇನ್ನೊಂದು ಹಾಳೆ ನನ್ನ ಹತ್ತಿರ ಇದೆ. ಅದರ ಮೇಲೆ ಉಕ್ಕಿನ ಸ್ಕೇಲ್ ಇಟ್ಟು ಒಂದೊಂದೇ ಗೆರೆ ನೋಡಿದೆ. ಅಮ್ಮನ ಕೈಯಲ್ಲೂ ನೋಡಿಸಿದೆ, ಯಾಕೆ ಅಂತ ಹೇಳಲಿಲ್ಲ. ಗುಮಾಸ್ತ ಬಂದಿದ್ದ, ಅವನಿಗೂ ತೋರಿಸಿದೆ. ಕೂದಲೆಳೆಯಷ್ಟೂ ಬಾಗಿಲ್ಲ.

ನನ್ನ ಮಷೀನು ನೇರವಾಗಿದೆ.

ಈಗ ನೀನು ಎಡಗಣ್ಣು ತೆರೆದು ಬಲಗಣ್ಣು ಮುಚ್ಚು. ಅದೇ ಹಾಳೆ ನೋಡು. ಆಮೇಲೆ ಕಣ್ಣು ಬದಲಿಸು. ಆಮೇಲೆ ಹಾಳೆ ತಲೆಕೆಳಗು ಮಾಡಿ, ಮಧ್ಯಕ್ಕೇ ದೃಷ್ಟಿ ಇಟ್ಟು ಇನ್ನೊಂದು ಸಲ ನೋಡು. ಬಾಗಿದ್ದು ಎಡಕ್ಕೆ ಬಂತಾ, ಬಲಕ್ಕೇ ಉಳಿಯಿತಾ, ಅಷ್ಟೇ ಬರೆ. ಬರೆಯುವುದೂ ಬೇಡ, ಫೋನ್ ಮಾಡು. ಫೋನನ್ನೂ ಆಮೇಲೆ ಮಾಡು, ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗು.

ಅಪ್ಪ


ಸೆಪ್ಟೆಂಬರ್ 23

ಮಗಳೇ,

ನಿನ್ನೆ ಫೋನಿನಲ್ಲಿ ನೀನು ನಕ್ಕುಬಿಟ್ಟೆ. "ಹಾಳೆ ಮಡಿಚಿತ್ತಪ್ಪಾ, ಅದಕ್ಕೇ ಹಂಗೆ ಕಾಣಿಸ್ತು. ನೀನೊಬ್ಬ," ಅಂದೆ. ನಾನೂ ಹೂಂ ಅಂದೆ. ಊಟ ಆಯ್ತಾ ಅಂದೆ. ನೀನು ಆಯ್ತು ಅಂದೆ. ಫೋನಿಟ್ಟೆವು.

ಆಮೇಲೆ ಕೂತು ಯೋಚನೆ ಮಾಡಿದೆ. ಪತ್ರ ಮಡಿಸಿದವನು ನಾನು. ಎರಡು ಅಡ್ಡ ಮಡಿಕೆ, ಒಂದು ಮೇಲೆ, ಒಂದು ಕೆಳಗೆ. ಬಲಗಡೆ ನಾನು ಮಡಿಸಿಯೇ ಇಲ್ಲ.

ನೀನು ಏಳು ವರ್ಷದವಳಿದ್ದಾಗಿನ ಒಂದು ಮಾತು ಹೇಳಬೇಕು. ಶಾಲೆಗೆ ರಜ. ನನ್ನ ಕೈ ಹೋಗದ ಸಂದಿಗೆ ನಿನ್ನ ಕೈ ಹೋಗುತ್ತಿತ್ತು, ಇಲಿಮರಿ ಅಂತ ಹೆಸರಿಟ್ಟಿದ್ದೇ ಅವತ್ತು. ಬಾಗಿಲು ತೆಗೆದರೆ ಮಷೀನು ನಿಲ್ಲುತ್ತದೆ ಯಾಕೆ ಎಂದು ನೀನು ಕೇಳಿದೆ. ಬೆರಳು ಹೋಗದಿರಲಿ, ಕಣ್ಣು ಹೋಗದಿರಲಿ ಎಂದು ಮಾಡಿದ್ದಾರೆ ಅಂತ ಹೇಳಬೇಕಿತ್ತು. ನಾನು ಹಾಗೆ ಹೇಳಲಿಲ್ಲ. ನೀಲಿ ಕಡ್ಡಿ ನಿನ್ನ ಕೈಗೆ ಕೊಟ್ಟು, ಇಲ್ಲಿ ಸಿಕ್ಕಿಸು, ಬಾಗಿಲು ಮುಚ್ಚಿದೆ ಅಂತ ಈ ಪೆದ್ದು ನಂಬಿಬಿಡುತ್ತದೆ ಅಂದೆ. ಮಷೀನು ಓಡತೊಡಗಿತು. ನೀನು ಚಪ್ಪಾಳೆ ತಟ್ಟಿದೆ. ಆ ಚಪ್ಪಾಳೆಗೋಸ್ಕರ ಆಮೇಲೆ ಎಷ್ಟು ಸಲ ನಿನ್ನ ಕೈಯಲ್ಲಿ ಅದನ್ನು ಮಾಡಿಸಿದೆನೋ ಲೆಕ್ಕವಿಲ್ಲ. ಹೋದ ತಿಂಗಳು ನೀನು ಕಡ್ಡಿ ಸಿಕ್ಕಿಸಿದೆ ಎಂದು ಬರೆದಾಗಲೂ ನಾನು ಮಾಡಿದ್ದು ನಗುವುದನ್ನೇ.

ಹಾಗಾಗಿ ನೀನು ಮುಚ್ಚಿಡುತ್ತಿರುವುದು ನಿನ್ನ ತಪ್ಪು ಅಂತ ತಿಳಿದಿದ್ದರೆ, ಅದರಲ್ಲಿ ಅರ್ಧ ನನ್ನದು. ನನ್ನ ಪಾಲು ನನಗೆ ಕೊಟ್ಟುಬಿಡು.

ಶನಿವಾರ ಮೊದಲ ಬಸ್ಸಿಗೆ ಹೊರಟು ಬರುತ್ತೇನೆ. ನಾನು ಶಾಲೆಯ ಹಾಸ್ಟೆಲ್ಲಿಗೆ ಬಂದಾಗ ನೀನು ಒಂದು ಸಲ ಕೈಯ ಮಸಿ ತೊಳೆದುಕೊಂಡು ಬಾ ಅಂದಿದ್ದೆ, ಗೇಟಿನ ಹತ್ತಿರ. ಈ ಸಲ ತೊಳೆಯದೆ ಬಂದು ಅದೇ ಕೈಯಲ್ಲಿ ನಿನ್ನನ್ನು ಎಳೆದುಕೊಂಡು ಹೋಗುತ್ತೇನೆ. ಅದು ಬೇಡವೆಂದರೆ ಅಷ್ಟರೊಳಗೆ ನೀನೇ ಹೋಗು.

ಅಮ್ಮನಿಗೆ ಇನ್ನೂ ಹೇಳಿಲ್ಲ. ಅವಳು ಕೇಳುತ್ತಲೂ ಇಲ್ಲ. ಅದೇ ನನಗೆ ಭಯ.

ಅಪ್ಪ


ಸೆಪ್ಟೆಂಬರ್ 26

ಅಪ್ಪಾ,

ನಾಳೆ ನೀನು ಬರುತ್ತೀಯ. ಈ ಪತ್ರ ಅಂಚೆಗೆ ಹಾಕುವುದಿಲ್ಲ, ಗೇಟಿನಲ್ಲಿ ನಿನ್ನ ಕೈಗೇ ಕೊಡುತ್ತೇನೆ. ಎದುರಿಗೆ ನಿಂತರೆ ನಾನು ಮತ್ತೆ ನಗುತ್ತೇನೆ. ಆದ್ದರಿಂದ ನನ್ನ ಮುಖ ನೋಡಬೇಡ, ಇದನ್ನು ಓದು.

ನೀನು ಹೇಳುವ ಮುಂಚೆಯೇ ಹಾಳೆ ತಿರುಗಿಸಿ ನೋಡಿದ್ದೆ. ಹದಿಮೂರನೇ ತಾರೀಕು, ಹಾಸ್ಟೆಲ್ ರೂಮಿನ ಕಿಟಕಿಯ ಹತ್ತಿರ ನಿಂತು. ಹಾಳೆ ತಿರುಗಿತು, ಬಾಗಿದ್ದು ತಿರುಗಲಿಲ್ಲ. ಇದ್ದಲ್ಲೇ ಇತ್ತು. ಬಲಗಣ್ಣು ಮುಚ್ಚಿದೆ, ಎಲ್ಲಾ ಗೆರೆಗಳೂ ನೇರ. ಕಿಟಕಿಯ ಸರಳು ನೋಡಿದೆ, ಎದುರುಮನೆಯ ಬಾಗಿಲು ನೋಡಿದೆ, ರೂಮ್‌ಮೇಟಿನ ಗೆರೆ ಗೆರೆ ಬೆಡ್‌ಶೀಟು ನೋಡಿದೆ. ಎಲ್ಲದರಲ್ಲೂ ಅದೇ ಚಿವುಟಿದ ಜಾಗ. ಅಂದರೆ ಇಷ್ಟು ದಿನ ನಾನು ಡಬ್ಬಿಯನ್ನು ನೇರ ಮಾಡುತ್ತಿರಲಿಲ್ಲ. ನನ್ನ ಕಣ್ಣಿನ ಡೊಂಕಿಗೆ ಸರಿಯಾಗಿ ಇಡೀ ಚಿತ್ರವನ್ನು ಡೊಂಕು ಮಾಡುತ್ತಿದ್ದೆ. ಹತ್ತನೇ ತಾರೀಕು ಬರುವವರೆಲ್ಲರೂ ಸೊಟ್ಟ ಚಿತ್ರ ನೋಡುತ್ತಿದ್ದರು, ನಾನೊಬ್ಬಳೇ ಪಕ್ಕದಲ್ಲಿ ನಿಂತು ನೇರವಾಗಿದೆ ಅನ್ನುತ್ತಿದ್ದೆ.

ಇಸ್ತ್ರಿಯ ಕೀ ಹೋಗಿದ್ದು ಹನ್ನೆರಡನೇ ತಾರೀಕು. ನನಗೆ ಗೊತ್ತಾಗಿದ್ದು ಹದಿಮೂರಕ್ಕೆ. ಹದಿನಾಲ್ಕಕ್ಕೆ ನಿನಗೆ ಪತ್ರ ಬರೆದು ನಿನ್ನ ಮಷೀನು ಕೆಟ್ಟಿದೆ ಅಂದೆ. ತಮಾಷೆಗೆ ಬರೆದದ್ದಲ್ಲ. ಹೌದು ಮಗಳೇ ಕೆಟ್ಟಿತ್ತು ಅಂತ ನೀನೊಂದು ಸಾಲು ಬರೆದಿದ್ದರೆ ನಾನು ನಂಬಿಬಿಡುತ್ತಿದ್ದೆ. ಅಷ್ಟು ಆಸೆಯಿತ್ತು.

ನಿನ್ನ ಕೊನೆಯ ಪತ್ರ ನಿನ್ನೆ ಬೆಳಿಗ್ಗೆ ಬಂತು. ನನ್ನ ಪಾಲು ನನಗೆ ಕೊಡು ಅಂದಿದ್ದೆಯಲ್ಲ, ಅದನ್ನು ಓದಿ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಪ್ಪಾ, ಕಡ್ಡಿಯ ಅರ್ಧ ಬೇಕಾದರೆ ನಿನ್ನದು. ಇಸ್ತ್ರಿಯ ವಿಷಯದಲ್ಲಿ ನಿನಗೆ ಪಾಲಿಲ್ಲ, ಅದು ಪೂರ್ತಿ ನನ್ನದು.

ಅವನು ಲೈಬ್ರರಿಯ ಹೊರಗೆ ಸಿಕ್ಕಿದ. ಎಲ್ಲಾ ಹೇಳಿದೆ. ಕಡ್ಡಿ, ಹಸಿರು, ಹದಿಮೂರನೇ ತಾರೀಕು, ಯಾವುದನ್ನೂ ಬಿಡಲಿಲ್ಲ. ಬೈಯಲಿ ಅಂತ ಕಾದೆ. ಅವನು ಎರಡು ಬೆರಳು ಎತ್ತಿ, ಇದು ನೇರ ಕಾಣುತ್ತಾ ಎಂದು ಕೇಳಿದ. ಇಲ್ಲ ಅಂದೆ.

"ನಡಿ ಮೊದಲು ಆಸ್ಪತ್ರೆಗೆ. ಜಗಳ ಆಮೇಲೆ ಆಡೋಣ. ನನ್ನ ಹತ್ರ ಬೇಕಾದಷ್ಟಿದೆ."

ಆಸ್ಪತ್ರೆಯ ಬೆಂಚಿನ ಮೇಲೆ ಅವನ ಶರ್ಟು ಮುದುಡಿದ್ದನ್ನು ಮೊದಲ ಸಲ ನೋಡಿದೆ.

ಡಾಕ್ಟರು ಕಣ್ಣಿಗೆ ಮದ್ದು ಹಾಕಿ ಒಂದು ಗಂಟೆ ಕೂರಿಸಿ ನೋಡಿದರು. ಒಳಗಿನ ಪರದೆಯಲ್ಲಿ, ನಟ್ಟ ನಡುವೆ ಅಲ್ಲ, ಅದರ ಪಕ್ಕಕ್ಕೆ, ಒಂದು ಸಣ್ಣ ಸುಟ್ಟ ಗುರುತು ಇದೆಯಂತೆ. ಸ್ವಲ್ಪ ತಾನೇ ಸರಿಹೋಗಬಹುದು, ಸ್ವಲ್ಪ ಉಳಿದುಕೊಳ್ಳಲೂಬಹುದು, ಮೂರು ತಿಂಗಳು ನೋಡೋಣ ಅಂದರು. ಅವತ್ತೇ ಬರಬೇಕಿತ್ತು ಅಂತಲೂ ಅಂದರು. ಮನೆಗೆ ಏನು ಕೊಟ್ಟು ಕಳಿಸಿದರು ಗೊತ್ತಾ? ಒಂದು ಕಟ್ಟು ಚೌಕುಳಿ ಹಾಳೆ. ವಾರಕ್ಕೊಂದು ಹಾಳೆ ತೆಗೆದು, ಎಡಗಣ್ಣು ಮುಚ್ಚಿ, ಗೆರೆ ಹೇಗೆ ಕಾಣುತ್ತದೋ ಹಾಗೇ ಪೆನ್ಸಿಲಿನಲ್ಲಿ ಅದರ ಮೇಲೆ ತಿದ್ದಬೇಕು.

ಮೇಡಂ ಹತ್ತಿರ ಸಂಜೆ ಹೋದೆ. ಕಡ್ಡಿಯನ್ನು ಮೇಜಿನ ಮೇಲಿಟ್ಟು ಹೇಳಿದೆ. ಅವರು ಅದನ್ನು ಎತ್ತಿ ತಿರುಗಿಸಿ ನೋಡಿದರು. ಕನ್ನಡಿ ನಿಂತರೆ ಬೆಳಕು ತಾನಾಗಿ ಆರುವ ಏರ್ಪಾಡು ಇನ್ನೂ ಜೋಡಿಸಿರಲಿಲ್ಲ, ಮುಚ್ಚಳದ ಸ್ವಿಚ್ಚೊಂದೇ ಕಾವಲಿತ್ತು, ಅದು ತಮ್ಮ ತಪ್ಪು ಎಂದು ತಮಗೇ ಹೇಳಿಕೊಳ್ಳುವ ಹಾಗೆ ಹೇಳಿದರು. ಆಮೇಲೆ ನನಗೆ ಹೇಳಿದರು, ಈ ವರ್ಷ ಲ್ಯಾಬಿಗೆ ಬರಬೇಡ. ಕಡ್ಡಿಯನ್ನು ಲಕೋಟೆಯಲ್ಲಿ ಹಾಕಿ ತಾರೀಕು ಬರೆದಿಟ್ಟುಕೊಂಡರು. ನಿನಗೆ ಅದು ವಾಪಸ್ ಸಿಗುವುದಿಲ್ಲ.

ಕೀ ಇಸ್ತ್ರಿಗೆ ಹೋಯಿತು. ಪಾಸ್‌ವರ್ಡೂ ಕೊಟ್ಟೆ.

ಈಗ ತಲೆಯೆತ್ತಿ ನನ್ನನ್ನು ನೋಡಬಹುದು. ಕೈ ತೊಳೆದಿಲ್ಲ ತಾನೆ?

ಇಲಿಮರಿ


ಅಕ್ಟೋಬರ್ 11

ಅಪ್ಪಾ,

ನೀನು ಹೋದ ಮೇಲೆ ರೂಮಿನ ಬಾಗಿಲ ಹಿಡಿಯ ಮೇಲೆ ನಿನ್ನ ಹೆಬ್ಬೆರಳ ಮಸಿ ಹಾಗೇ ಉಳಿದಿದೆ. ರೂಮ್‌ಮೇಟ್ ಒರೆಸಲು ಹೋದಳು, ಬಿಡಲಿಲ್ಲ.

ನಿನ್ನೆ ದೊಡ್ಡವರೆಲ್ಲಾ ಬಂದಿದ್ದರು. ನಾನು ಕ್ಲಾಸಿಗೆ ಹೋಗಲಿಲ್ಲ, ಲ್ಯಾಬಿನ ಒಳಗೂ ಹೋಗಲಿಲ್ಲ. ಹೊರಗೆ ಕಾರಿಡಾರಿನಲ್ಲಿ ನೀರಿನ ಫಿಲ್ಟರಿನ ಪಕ್ಕ ನಿಂತು ಮೂರು ಲೋಟ ನೀರು ಕುಡಿದೆ. ಬಾಗಿಲ ಗಾಜಿನಿಂದ ಬೆನ್ನುಗಳು ಮಾತ್ರ ಕಾಣುತ್ತಿದ್ದವು. ಒಬ್ಬೊಬ್ಬರೇ ಬಗ್ಗಿ ತೂತಿಗೆ ಕಣ್ಣಿಡುತ್ತಿದ್ದರು, ಏಳುತ್ತಿದ್ದರು, ತಲೆ ಅಲ್ಲಾಡಿಸುತ್ತಿದ್ದರು. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಹಿಂದಿನಿಂದ ಹೇಗೆ ಗೊತ್ತಾಗಬೇಕು? ಕೊನೆಗೆ ಇಸ್ತ್ರಿ ಹೊರಗೆ ಬಂದ. "ನೇರ ನಿಂತಿತು," ಅಂದ. ಬಾಗಿಲು ಎಳೆದುಕೊಂಡು, "ನೀನು ಕೂರಿಸಿದ ಆ ಸಾಸಿವೆ ತಿರುಪು ಇದ್ಯಲ್ಲ, ಅದನ್ನ ನಾನು ಮುಟ್ಟಿಲ್ಲ," ಅಂದ. ಇಷ್ಟೇ. ಜಗಳ ಇನ್ನೂ ಬಾಕಿಯಿದೆ, ಪರೀಕ್ಷೆ ಮುಗಿದ ಮೇಲೆ ಆಡುತ್ತಾನಂತೆ.

ಕ್ಲಾಸಿನಲ್ಲಿ ಬೋರ್ಡಿನ ಬಲಗಡೆ ಕೂರುತ್ತಿದ್ದೇನೆ. ಓದುವಾಗ ತೊಂದರೆಯಿಲ್ಲ, ಎಡಗಣ್ಣು ಗಾಡಿ ಎಳೆಯುತ್ತಿದೆ.

ಇದರ ಜೊತೆ ಎರಡನೇ ವಾರದ ಚೌಕುಳಿ ಹಾಳೆ ಇಟ್ಟಿದ್ದೇನೆ. ಮೊದಲ ವಾರದ್ದು ನಿನ್ನ ಹತ್ತಿರ ಇದೆಯಲ್ಲ, ಹೋಲಿಸಿ ನೋಡು. ಎಷ್ಟು ಬೇಗ ಸರಿಹೋಗಿದೆ ನೋಡು ಅಪ್ಪಾ. ಅಮ್ಮನಿಗೂ ತೋರಿಸು, ಅಳುವುದು ನಿಲ್ಲಿಸಲಿ.

ನಿನ್ನ,
ಇಲಿಮರಿ


ಅಕ್ಟೋಬರ್ 17

ಇಲಿಮರಿ,

ಅಮ್ಮ ಅಳುವುದು ನಿಲ್ಲಿಸಿ ಎರಡು ವಾರವಾಯಿತು. ಈಗ ಬೈಯುತ್ತಿದ್ದಾಳೆ, ನನ್ನನ್ನು. ಅವಳ ಬ್ರಶ್ಶಿನಲ್ಲಿ ಮಾಡಿದ ಹೊಸ ಕಡ್ಡಿಯನ್ನು ಅವಳೇ ಸುತ್ತಿಗೆಯಲ್ಲಿ ಕುಟ್ಟಿ ಪುಡಿ ಮಾಡಿದಳು. ಬಾಗಿಲು ಮುಚ್ಚಿಯೇ ಮಷೀನು ಓಡಿಸುತ್ತಿದ್ದೇನೆ. ಕಿವಿಗೊಟ್ಟರೆ ಬಹಳಷ್ಟು ತಿಳಿಯುತ್ತದೆ, ಇಷ್ಟು ವರ್ಷ ಗೊತ್ತಿರಲಿಲ್ಲ. ಕೆಲಸ ನಿಧಾನ. ಗುಮಾಸ್ತ ಗೊಣಗುತ್ತಾನೆ, ಗೊಣಗಲಿ.

ನಿನ್ನ ಎರಡು ವಾರದ ಹಾಳೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಮೊದಲನೆಯದರಲ್ಲಿ ಏಳು ಗೆರೆ ಬಾಗಿವೆ. ಎರಡನೆಯದರಲ್ಲಿ ಒಂದೂ ಬಾಗಿಲ್ಲ. ಅಮ್ಮನಿಗೆ ತೋರಿಸಿದೆ, ಅವಳಿಗೆ ಸಂತೋಷವಾಯಿತು. ಆಮೇಲೆ ಒಬ್ಬನೇ ಕೂತು ಆ ಹಾಳೆಯನ್ನು ಗಾಜಿನ ಮೇಲಿಟ್ಟು ಕೆಳಗಿನಿಂದ ಬೆಳಕು ಬಿಟ್ಟೆ. ರಬ್ಬರ್ ಉಜ್ಜಿದ ಜಾಗ ಎದ್ದು ಕಂಡಿತು. ಮೊದಲು ಎಳೆದ ಗೆರೆಯೂ ಕಂಡಿತು. ಆರು.

ಏಳಿದ್ದದ್ದು ಆರಾಗಿದೆ. ನನಗೆ ಅಷ್ಟು ಸಾಕು.

ಇದರೊಳಗೆ ಒಂದು ಖಾಲಿ ಚೌಕುಳಿ ಹಾಳೆ ಇಟ್ಟಿದ್ದೇನೆ. ನನ್ನ ಮಷೀನಿನದೇ, ಸ್ಕೇಲ್ ಇಟ್ಟು ನೋಡಿದ್ದೇನೆ. ಕಿಟಕಿಯ ಹತ್ತಿರ ಕೂತು ಇನ್ನೊಂದು ಸಲ ಎಳೆ. ಗೆರೆ ಬಾಗಿದ್ದರೆ ಬಾಗಿದ ಹಾಗೇ ಕಳಿಸು. ನನಗೋಸ್ಕರ ನೇರ ಮಾಡಬೇಡ.

ಅಪ್ಪ